ಸೀಬೆ ಎಲೆಯ ಕಷಾಯ ಮತ್ತು ಪ್ರೋಟೀನಿಗೆ ಅಂಟುವ ಸಕ್ಕರೆ

ಪ್ರಶ್ನೆ: ನಾನು ಚಳ್ಳಕೆರೆಯ ನಿವೃತ್ತ ಶಾಲಾ ಶಿಕ್ಷಕ. ವಯಸ್ಸು 63. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕಳೆದ ತಿಂಗಳು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆ ಮಟ್ಟ ಹೇಳುವ ರಕ್ತಪರೀಕ್ಷೆ) 8.2 ಬಂದಿದೆ. ನನ್ನ ತಮ್ಮನ ಮಗಳು ದಾವಣಗೆರೆಯಲ್ಲಿ ಜೀವರಸಾಯನ ವಿಷಯದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಸೀಬೆ, ನುಗ್ಗೆ, ಕರಿಬೇವು ಎಲೆಗಳ ಸಾರ ತೆಗೆದು, ಸಕ್ಕರೆಯು ಪ್ರೋಟೀನಿಗೆ ಅಂಟಿಕೊಳ್ಳುವುದನ್ನು ಅವು ತಡೆಯುತ್ತವೆಯೇ ಎಂದು ಪರೀಕ್ಷಿಸಿದ್ದಾಳೆ. ಸೀಬೆ ಎಲೆ ಮುಕ್ಕಾಲುಪಾಲು ತಡೆಯಿತಂತೆ. ಅದನ್ನು ಕೇಳಿದ ಹುರುಪಿನಲ್ಲಿ ನಾನು ಸಂತೆಯಲ್ಲಿ ಒಬ್ಬರು ಮಾರುವ ಎಲೆಗಳ ಪುಡಿಯನ್ನು ತಂದಿದ್ದೇನೆ. ‘ಮೈಯಲ್ಲಿ ಅಂಟಿದ ಸಕ್ಕರೆಯನ್ನು ತೊಳೆದುಹಾಕುತ್ತದೆ’ ಎನ್ನುತ್ತಾರೆ. ಕಷಾಯ ಶುರು ಮಾಡಲೇ? ಮಾತ್ರೆ ಕಡಿಮೆ ಮಾಡಬಹುದೇ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲ ಉತ್ತರ. ಮಾತ್ರೆಯ ತಂಟೆಗೆ ಹೋಗಬೇಡಿ. ಪುಡಿಯ ಪೊಟ್ಟಣವನ್ನು ಕಟ್ಟಿ ಬದಿಗಿಡಿ. ಎಸೆಯಬೇಡಿ, ಅದಕ್ಕೊಂದು ಕೆಲಸವಿದೆ, ಆಮೇಲೆ ಹೇಳುತ್ತೇನೆ.

ಇನ್ನು ಹುಡುಗಿಯ ಫಲಿತಾಂಶ. ಅದನ್ನು ನಾನು ಅನುಮಾನದಿಂದ ನೋಡುತ್ತಿಲ್ಲ. ಸೀಬೆ ಎಲೆ (ಹರಿಹರ ದಾಟಿದರೆ ಇದೇ ಪೇರಲ) ಈ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ಗಳಿಸುವ ವಿದ್ಯಾರ್ಥಿ. ಹೊರದೇಶಗಳ ಪ್ರಯೋಗಾಲಯಗಳಲ್ಲೂ ಗಳಿಸಿದೆ. ತೊಡಕು ಇರುವುದು ಪ್ರಶ್ನೆಪತ್ರಿಕೆಯಲ್ಲಿ. ಅವಳ ಪ್ರನಾಳ ಕೇಳಿದ ಪ್ರಶ್ನೆ ಒಂದು, ನಿಮ್ಮ ಮೈ ಕೇಳುವ ಪ್ರಶ್ನೆ ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಬರೆದು ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ.

ದಾವಣಗೆರೆಗೆ ಬಂದಾಗಲೆಲ್ಲ ನೀವು ಬೆಣ್ಣೆ ದೋಸೆ ತಿಂದಿರುತ್ತೀರಿ. ಹಂಚಿನ ಮೇಲೆ ಹುಯ್ದ ಹಿಟ್ಟು ಮೊದಲು ಬೆಳ್ಳಗಿರುತ್ತದೆ. ನೀರು ಆರುವವರೆಗೂ ಬೆಳ್ಳಗೇ ಇರುತ್ತದೆ. ನೀರು ಹೋಗಿ ಕಾವು ನೂರು ಡಿಗ್ರಿಯನ್ನು ದಾಟಿ 140ರ ಆಸುಪಾಸಿಗೆ ಏರಿದಾಗ ತಳ ಹೊಂಬಣ್ಣಕ್ಕೆ ತಿರುಗುತ್ತದೆ, ಘಮ ಬೀದಿಯವರೆಗೆ ಬರುತ್ತದೆ. ಅಕ್ಕಿ, ಮಂಡಕ್ಕಿಗಳ ಪಿಷ್ಟದಿಂದ ಒಡೆದು ಬಂದ ಸಕ್ಕರೆಯೂ ಉದ್ದಿನಬೇಳೆಯ ಪ್ರೋಟೀನೂ ಬಿಸಿಯಲ್ಲಿ ಕೂಡಿಕೊಂಡು ಹುಟ್ಟಿಸಿದ ಬಣ್ಣ ಅದು, ಆ ಘಮವೂ ಅದರದೇ. ಬ್ರೆಡ್ಡಿನ ಮೇಲ್ಪದರ, ಹುರಿದ ಕಾಫಿ ಬೀಜ, ಕಾಯಿಸಿ ಕಾಯಿಸಿ ಕಂದಿದ ಖೋವಾ, ಎಲ್ಲದರಲ್ಲೂ ಇದೇ ಕ್ರಿಯೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಲಾರ್ಡ್ ಎಂಬ ವೈದ್ಯ ಮತ್ತು ರಸಾಯನಜ್ಞ ಅಮೈನೋ ಆಮ್ಲ ಹಾಗೂ ಸಕ್ಕರೆಯನ್ನು ಒಟ್ಟಿಗೆ ಕಾಯಿಸಿ, ಅದು ಕಂದುವುದನ್ನು ನೋಡಿ ವರದಿ ಮಾಡಿದ. ಆದ್ದರಿಂದ ಅವನ ಹೆಸರಿನ ಕ್ರಿಯೆ. ತರಗತಿಯಲ್ಲಿ ಹೆಸರು ನೆನಪಿನಲ್ಲಿ ಉಳಿಯಲೆಂದು ನಾನು ‘ಮೈಲಾರಪ್ಪನ ಕ್ರಿಯೆ’ ಎನ್ನುತ್ತಿದ್ದೆ. ಒಬ್ಬ ಹುಡುಗ ಪರೀಕ್ಷೆಯಲ್ಲಿ ಹಾಗೆಯೇ ಬರೆದ. ಅರ್ಧ ಅಂಕ ಕೊಟ್ಟೆ.

ಮೈಲಾರ್ಡನಿಗೆ ಆಗಲೇ ಒಂದು ಗುಮಾನಿ ಇತ್ತು: ಒಲೆಯ ಮೇಲೆ ನಡೆಯುವುದು ದೇಹದೊಳಗೂ ನಡೆಯಬಹುದು, ಮಧುಮೇಹಕ್ಕೆ ಇದರ ನಂಟಿರಬಹುದು ಎಂದು. ನಡೆಯುತ್ತದೆ. ಕಾವು 37 ಡಿಗ್ರಿ ಮಾತ್ರವಾದ್ದರಿಂದ ದೋಸೆ ಎರಡು ನಿಮಿಷದಲ್ಲಿ ಕಂದಿದರೆ ನಮ್ಮ ಪ್ರೋಟೀನು ಕಂದಲು ತಿಂಗಳುಗಳು, ವರ್ಷಗಳು ಬೇಕು. ಕಿಣ್ವದ ನೆರವಿಲ್ಲದೆ ತನ್ನಷ್ಟಕ್ಕೆ ನಡೆಯುವ ಈ ಅಂಟುವಿಕೆಗೆ ಗ್ಲೈಕೇಶನ್ ಎಂದು ಹೆಸರು. ಅದರ ನಡೆ ಹೀಗಿದೆ. ಗ್ಲೂಕೋಸಿನ ತೆರೆದ ತುದಿ ಪ್ರೋಟೀನಿನ ಅಮೈನೋ ಗುಂಪಿಗೆ, ಹೆಚ್ಚಾಗಿ ಲೈಸೀನ್ ಎಂಬ ಅಮೈನೋ ಆಮ್ಲದ ಬಾಲಕ್ಕೆ, ತಗಲಿಕೊಳ್ಳುತ್ತದೆ. ಇದು ಸಡಿಲ ಗಂಟು. ಸಕ್ಕರೆ ಇಳಿದರೆ ತಾನೇ ಬಿಚ್ಚಿಕೊಳ್ಳುತ್ತದೆ. ಬಿಚ್ಚದೆ ಉಳಿದದ್ದು ಒಳಗೊಳಗೆ ಹೊಂದಿಕೊಂಡು ಬಿಗಿ ಗಂಟಾಗುತ್ತದೆ. ಇಟಲಿಯ ಮಾರಿಯೋ ಅಮಡೋರಿಯ ಹೆಸರಿನಲ್ಲಿ ಇದಕ್ಕೆ ಅಮಡೋರಿ ಉತ್ಪನ್ನ ಎನ್ನುತ್ತೇವೆ. ಅಲ್ಲಿಂದ ಮುಂದೆ ಈ ಗಂಟು ಆಮ್ಲಜನಕ, ತಾಮ್ರ, ಕಬ್ಬಿಣಗಳ ಸಹವಾಸದಲ್ಲಿ ಒಡೆದು ಮಿಥೈಲ್‌ಗ್ಲೈಆಕ್ಸಾಲ್‌ನಂಥ ಪುಟ್ಟ, ಪುಂಡ ಅಣುಗಳನ್ನು ಹೊರಬಿಡುತ್ತದೆ. ಗ್ಲೂಕೋಸ್ ನಿಧಾನಸ್ಥ, ಇವು ಹಾಗಲ್ಲ, ಸಿಕ್ಕ ಪ್ರೋಟೀನಿಗೆಲ್ಲ ಕೈ ಹಾಕುತ್ತವೆ. ಜೀವಕೋಶ ಗ್ಲೂಕೋಸನ್ನು ಒಡೆಯುವಾಗಲೂ ಇವು ಅಡ್ಡದಾರಿಯಲ್ಲಿ ಹುಟ್ಟುತ್ತವೆ. ಕಡೆಗೆ ಎರಡು ಪ್ರೋಟೀನುಗಳ ನಡುವೆ ಅಡ್ಡಪಟ್ಟಿ ಬಿಗಿದಂತೆ ಬೆಸುಗೆ ಬೀಳುತ್ತದೆ. ಈ ಕೊನೆಯ ಸರಕಿಗೆ ಎಜಿಇ (ಅಡ್ವಾನ್ಸ್ಡ್ ಗ್ಲೈಕೇಶನ್ ಎಂಡ್-ಪ್ರಾಡಕ್ಟ್, ಗ್ಲೈಕೇಶನ್ನಿನ ಕಡೆಯ ಉತ್ಪನ್ನ) ಎಂದು ಕರೆಯುತ್ತಾರೆ. ಇದು ಬಿಚ್ಚುವ ಗಂಟಲ್ಲ.

ನಿಮ್ಮ ಎಚ್‌ಬಿಎ1ಸಿಯ 8.2 ಎಂಬ ಅಂಕೆ ನಡುವಿನ ಹಂತದ್ದು, ಬಿಗಿ ಗಂಟಿನದು. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆ ಎಂಬ ಲೆಕ್ಕ. 1968ರಲ್ಲಿ ಟೆಹ್ರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಎಂಬ ವಿಜ್ಞಾನಿ ಬೇರೇನನ್ನೋ ಹುಡುಕುತ್ತ ನೂರಾರು ಜನರ ಹಿಮೋಗ್ಲೋಬಿನ್ ನೋಡುತ್ತಿದ್ದಾಗ, ಮಧುಮೇಹಿಗಳಲ್ಲಿ ಒಂದು ವಿಚಿತ್ರ ಪಟ್ಟಿ ಕಾಣಿಸಿತು. ಅದೇ ಇಂದು ನಿಮ್ಮ ವರದಿಯಲ್ಲಿ ಕುಳಿತಿದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಈ ಅಂಕೆ ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. 8.2 ಎಂದರೆ ಸರಾಸರಿ ಸಕ್ಕರೆ ಡೆಸಿಲೀಟರಿಗೆ 190 ಮಿಲಿಗ್ರಾಂ ಹತ್ತಿರ ಇತ್ತು ಎಂದರ್ಥ. (ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅಂಕೆ ಇರುವುದಕ್ಕಿಂತ ತುಸು ಮೇಲೆ ಕಾಣಬಹುದು. ಮುಂದಿನ ಸಲ ಹಿಮೋಗ್ಲೋಬಿನ್ ಪ್ರಮಾಣವನ್ನೂ ನೋಡಿಸಿ.)

ರಕ್ತಕಣ ಸಾಯುತ್ತದೆ, ಹೊಸದು ಬರುತ್ತದೆ, ಲೆಕ್ಕ ಚುಕ್ತಾ. ಸಾಯದೆ ಉಳಿಯುವ ಪ್ರೋಟೀನುಗಳ ಕಥೆ ಬೇರೆ. ಕಣ್ಣಿನ ಮಸೂರದ ನಟ್ಟನಡುವಿನ ಪ್ರೋಟೀನು ನೀವು ಹುಟ್ಟುವ ಮೊದಲೇ ನೇಯ್ದದ್ದು, ಕಡೆಯವರೆಗೂ ಅದೇ. ಚರ್ಮ, ಸ್ನಾಯುರಜ್ಜು, ರಕ್ತನಾಳದ ಗೋಡೆಗಳಲ್ಲಿರುವ ಕೊಲ್ಯಾಜೆನ್ ವರ್ಷಾನುಗಟ್ಟಲೆ ಬದಲಾಗುವುದಿಲ್ಲ. ಅಂಥವುಗಳ ಮೇಲೆ ಸಕ್ಕರೆಯ ಬೆಸುಗೆ ಪದರ ಪದರವಾಗಿ ಕೂರುತ್ತದೆ. ಈಗ ಓದುವುದನ್ನು ನಿಲ್ಲಿಸಿ, ಎರಡೂ ಕೈ ಜೋಡಿಸಿ ಒಮ್ಮೆ ನಮಸ್ಕಾರ ಮಾಡಿ ನೋಡಿ. ಅಂಗೈ, ಬೆರಳುಗಳು ಒಂದಕ್ಕೊಂದು ಪೂರ್ತಿ ತಾಗುತ್ತವೆಯೇ? ದೀರ್ಘಕಾಲದ ಮಧುಮೇಹಿಗಳಲ್ಲಿ ಕೆಲವರಿಗೆ ಬೆರಳುಗಳ ನಡುವೆ ಸಂದು ಉಳಿಯುತ್ತದೆ, ಕೈ ಚಪ್ಪಟೆಯಾಗಿ ಕೂಡುವುದಿಲ್ಲ. ಬೆರಳ ಸುತ್ತಲಿನ ಕೊಲ್ಯಾಜೆನ್ ಬಿಗಿದುಕೊಂಡದ್ದರ ಗುರುತು ಅದು. ವೈದ್ಯರು ಇದನ್ನು ರೋಗಚಿಹ್ನೆಯಾಗಿಯೇ ಬಳಸುತ್ತಾರೆ. ಸಂದು ಕಂಡರೆ ಹೆದರಬೇಡಿ, ಆದರೆ ಕಣ್ಣು ಮತ್ತು ಕಿಡ್ನಿ ಪರೀಕ್ಷೆಯನ್ನು ಮುಂದೂಡಬೇಡಿ. ಅಲ್ಲೂ ಇದೇ ನಡೆಯುತ್ತಿರಬಹುದು.

ಈಗ ಎಲೆಗೆ ಬರೋಣ. ಸೀಬೆ, ನುಗ್ಗೆ, ಕರಿಬೇವು, ನೇರಳೆ, ತುಳಸಿ, ವೀಳ್ಯದೆಲೆ, ಯಾವುದನ್ನು ಅರೆದರೂ ಅದರಲ್ಲಿ ಪಾಲಿಫಿನಾಲ್ ಎಂಬ ಒಗರು ಕುಲದ ರಾಸಾಯನಿಕಗಳಿರುತ್ತವೆ. ಎಳೆ ಸೀಬೆ ಎಲೆ ಅಗಿದಾಗ ಬಾಯಿ ಬಿಗಿದುಕೊಂಡಂತೆ ಆಗುತ್ತದಲ್ಲ, ಅದೇ. ಇವು ಗ್ಲೈಕೇಶನ್ನನ್ನು ತಡೆಯುವುದು ನಿಜ, ಒಂದೇ ದಾರಿಯಲ್ಲೂ ಅಲ್ಲ. ತಾಮ್ರ, ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಗಂಟು ಒಡೆಯುವ ಕೆಲಸವನ್ನು ನಿಧಾನಗೊಳಿಸುತ್ತವೆ. ಪ್ರೋಟೀನಿನ ಮೈಗೆ ತಾವೇ ಮೆತ್ತಿಕೊಂಡು ಸಕ್ಕರೆಗೆ ಜಾಗ ಕೊಡದಿರುವುದೂ ಉಂಟು. ನನಗೆ ತುಂಬ ಇಷ್ಟವಾದ ದಾರಿ ಇನ್ನೊಂದು: ಕ್ವೆರ್ಸೆಟಿನ್, ಚಹಾದ ಕ್ಯಾಟೆಚಿನ್ ಮುಂತಾದ ಪಾಲಿಫಿನಾಲ್‌ಗಳು ಆ ಪುಂಡ ಮಿಥೈಲ್‌ಗ್ಲೈಆಕ್ಸಾಲನ್ನು ತಮ್ಮ ಉಂಗುರಕ್ಕೆ ಕಟ್ಟಿಹಾಕಿಕೊಳ್ಳುತ್ತವೆ, ಪ್ರೋಟೀನಿಗೆ ಬೀಳಬೇಕಾದ ಏಟನ್ನು ತಾವು ತಿನ್ನುತ್ತವೆ. ಹಸಿರು ಚಹಾದ ವಿಷಯದಲ್ಲಿ ಇದನ್ನು ಅಣುವಿನ ಮಟ್ಟದಲ್ಲಿ ತೋರಿಸಿದ್ದಾರೆ. ಎಲೆ ಮಾತ್ರವಲ್ಲ, ನಮ್ಮ ರಾಗಿ ಮತ್ತು ಹಾರಕದ ಸಾರಗಳು ಕೊಲ್ಯಾಜೆನ್ನಿಗೆ ಸಕ್ಕರೆ ಅಂಟುವುದನ್ನು ಪ್ರನಾಳದಲ್ಲಿ ತಡೆದವೆಂದು ಚೆನ್ನೈನ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಶುಂಠಿ ತಿಂದ ಮಧುಮೇಹಿ ಇಲಿಗಳಲ್ಲಿ ಕಣ್ಣಿನ ಪೊರೆ ತಡವಾಗಿ ಬಂತೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2010ರಲ್ಲಿ ತೋರಿಸಿದರು. ಇಷ್ಟೆಲ್ಲ ಇದ್ದೂ ನಾನು ಏಕೆ ತಲೆ ಅಲ್ಲಾಡಿಸುತ್ತಿದ್ದೇನೆ?

ಮೊದಲು ನನ್ನ ಪೆಟ್ಟಿನ ಕಥೆ ಕೇಳಿ. ಬಹಳ ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ, ನಾನಾಗ ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ, ಜೋಗಿಮಟ್ಟಿಯ ತಪ್ಪಲಿನ ಹಳ್ಳಿಯೊಂದರ ಹೊಲದಿಂದ ನೇರಳೆ ಎಲೆ ತರಿಸಿ ಸಾರ ತೆಗೆದೆವು. ಪ್ರಯೋಗ ನಿಮ್ಮ ಹುಡುಗಿ ಮಾಡಿರಬಹುದಾದದ್ದೇ. ಹಸುವಿನ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು, ಅದಕ್ಕೆ ಸಕ್ಕರೆ, ಬ್ಯಾಕ್ಟೀರಿಯಾ ಬೆಳೆಯದಂತೆ ಚೂರು ಸೋಡಿಯಂ ಅಜೈಡ್. 37 ಡಿಗ್ರಿಯ ಪೆಟ್ಟಿಗೆಯಲ್ಲಿ ಕೆಲವು ವಾರ. ಎಜಿಇಗಳಿಗೆ ಒಂದು ಅನುಕೂಲದ ಗುಣವಿದೆ: ಹಲವು ಹೊಳೆಯುತ್ತವೆ. 370 ನ್ಯಾನೋಮೀಟರಿನ ಬೆಳಕು ಹಾಯಿಸಿದರೆ 440ರ ಹತ್ತಿರ ನೀಲಿಯಾಗಿ ಪ್ರತಿದೀಪ್ತಿ ಬೀರುತ್ತವೆ. ಹೊಳಪು ಹೆಚ್ಚಿದಷ್ಟೂ ಎಜಿಇ ಹೆಚ್ಚು. ಸಾರ ಹಾಕಿದ ಪ್ರನಾಳದಲ್ಲಿ ಹೊಳಪು ಇಳಿದರೆ ತಡೆ ಆಯಿತೆಂದು ಲೆಕ್ಕ. ನಮ್ಮ ನೇರಳೆಯ ಪ್ರನಾಳದಲ್ಲಿ ಹೊಳಪು ಪಾತಾಳಕ್ಕೆ ಇಳಿಯಿತು. ಸಿಹಿ ಹಂಚಿದೆವು (ವ್ಯಂಗ್ಯ ಆಗ ಯಾರಿಗೂ ಹೊಳೆಯಲಿಲ್ಲ).

ಎರಡು ವಾರದ ನಂತರ ಪ್ರಯೋಗಾಲಯದ ಸಹಾಯಕರೊಬ್ಬರು, ಪದವಿ ಗಿದವಿ ಏನೂ ಇಲ್ಲದವರು, ಕೇಳಿದರು: ‘ಸಾರ್, ಈ ಸಾರ ಹುಣಸೆ ರಸದಷ್ಟು ಕಪ್ಪಗಿದೆ. ದೀಪದ ಬೆಳಕು ಒಳಗೆ ಹೋಗುತ್ತದೆಯೇ?’ ಹೋಗುತ್ತಿರಲಿಲ್ಲ. ಕ್ವೆರ್ಸೆಟಿನ್‌ನಂಥ ವಸ್ತು ಬೆಳಕನ್ನು ಚೆನ್ನಾಗಿ ನುಂಗುವುದೇ 370ರ ಸುತ್ತಮುತ್ತ. ಪರೀಕ್ಷಿಸಲು ನಾವು ಸಕ್ಕರೆ ಅಂಟಿ ಹೊಳೆಯುತ್ತಿದ್ದ ಹಳೆಯ ಪ್ರೋಟೀನಿಗೆ ಅದೇ ಕ್ಷಣದಲ್ಲಿ ನೇರಳೆ ಸಾರ ಬೆರೆಸಿ ಓದಿದೆವು. ತಡೆಯಲು ಏನೂ ಉಳಿದಿರದ ಆ ಪ್ರನಾಳದಲ್ಲೂ ಹೊಳಪು ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ನಮ್ಮ ಎಲೆ ಗ್ಲೈಕೇಶನ್ನನ್ನು ತಡೆದಿದ್ದಕ್ಕಿಂತ ಹೆಚ್ಚಾಗಿ ಕಿಟಕಿಗೆ ಪರದೆ ಎಳೆದಿತ್ತು. ಬರೆದಿಟ್ಟ ಲೇಖನ ಬೀರುವಿನಲ್ಲೇ ಉಳಿಯಿತು. ಎಲೆಗಳ ಬಗ್ಗೆ ಪ್ರಕಟವಾಗುವ ‘ಶೇಕಡಾ ಇಷ್ಟು ತಡೆ’ ಎಂಬ ಅಂಕೆಗಳನ್ನು ಓದುವಾಗ ಆ ಸಹಾಯಕರ ಮುಖ ಈಗಲೂ ನೆನಪಾಗುತ್ತದೆ. ಬಣ್ಣದ ಲೆಕ್ಕವನ್ನು ಕಳೆದಿದ್ದಾರೆಯೇ ಎಂದು ಮೊದಲು ಹುಡುಕುತ್ತೇನೆ. ಎಷ್ಟೋ ಕಡೆ ಆ ಮಾತೇ ಇರುವುದಿಲ್ಲ.

ಹುಡುಗಿ ಅದನ್ನೆಲ್ಲ ಸರಿಯಾಗಿ ಮಾಡಿದ್ದಾಳೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಮೇಷ್ಟರಾದ ನಿಮಗೆ ಒಂದು ಲೆಕ್ಕವಿದೆ. ಪ್ರನಾಳದಲ್ಲಿ ಫಲಿತಾಂಶ ಬೇಗ ಸಿಗಲೆಂದು ಸಕ್ಕರೆಯನ್ನು ಧಾರಾಳವಾಗಿ ಸುರಿಯುತ್ತಾರೆ. ಅರ್ಧ ಮೋಲಾರ್ ಗ್ಲೂಕೋಸ್ ಸಾಮಾನ್ಯ. ಅಂದರೆ ಲೀಟರಿಗೆ 90 ಗ್ರಾಂ, ನಿಮ್ಮ ವರದಿಯ ಭಾಷೆಯಲ್ಲಿ ಡೆಸಿಲೀಟರಿಗೆ 9000 ಮಿಲಿಗ್ರಾಂ. ನಿಮ್ಮ ಸರಾಸರಿ 190. ಗ್ಲೂಕೋಸಿಗಿಂತ ಬಹಳ ಚುರುಕಾಗಿ ಅಂಟುವ ಫ್ರಕ್ಟೋಸನ್ನು ಬಳಸುವುದೂ ಇದೆ. ಸಾರದ ಕಡೆ ನೋಡಿ. ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಹಾಕುವುದು ರೂಢಿ. ಅದರ ಹತ್ತನೇ ಒಂದು ಪಾಲು ಮಾತ್ರ ಕ್ವೆರ್ಸೆಟಿನ್ ಎಂದುಕೊಂಡರೂ 50 ಮೈಕ್ರೋಗ್ರಾಂ ಆಯಿತು. ಸೊಪ್ಪು, ಈರುಳ್ಳಿ ಚೆನ್ನಾಗಿ ತಿಂದವರ ರಕ್ತದಲ್ಲಿ ಕ್ವೆರ್ಸೆಟಿನ್ ಸಾಮಾನ್ಯವಾಗಿ ಲೀಟರಿಗೆ ಒಂದು ಮೈಕ್ರೋಮೋಲ್ ಆಸುಪಾಸು ಅಥವಾ ಅದಕ್ಕೂ ಕಡಿಮೆ; ಒಂದು ಎಂದೇ ಹಿಡಿದರೆ ಮಿಲಿಲೀಟರಿಗೆ 0.3 ಮೈಕ್ರೋಗ್ರಾಂ. ಭಾಗಿಸಿ: 160 ಪಟ್ಟಿಗೂ ಹೆಚ್ಚು ಅಂತರ. ಆ 0.3 ಕೂಡ ಎಲೆಯಲ್ಲಿದ್ದ ರೂಪದಲ್ಲಿ ಇರುವುದಿಲ್ಲ. ಕರುಳು ಮತ್ತು ಯಕೃತ್ತು ಅದಕ್ಕೆ ಬೇರೆ ಗುಂಪುಗಳನ್ನು ಜೋಡಿಸಿ, ಮೂತ್ರದಲ್ಲಿ ಹೊರಹಾಕಲು ಸಿದ್ಧ ಮಾಡಿರುತ್ತವೆ. ದೇಹದ ಕಣ್ಣಿಗೆ ಈ ಪಾಲಿಫಿನಾಲ್‌ಗಳು ಅತಿಥಿಗಳಲ್ಲ, ಆದಷ್ಟು ಬೇಗ ಬಸ್ ಹತ್ತಿಸಬೇಕಾದವರು.

ಅಷ್ಟೊಂದು ಸಾಂದ್ರತೆಯನ್ನು ರಕ್ತಕ್ಕೆ ತಲುಪಿಸುವ ಮದ್ದು ಮಾಡಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಅಮೈನೋಗ್ವಾನಿಡಿನ್ ಎಂಬ ಸಣ್ಣ ಅಣು ಆ ಪುಂಡ ಅಣುಗಳನ್ನು ಎಲೆಗಿಂತ ಚೊಕ್ಕವಾಗಿ ಹಿಡಿಯುತ್ತದೆ. ಮಧುಮೇಹಿ ಇಲಿಗಳ ರಕ್ತನಾಳದಲ್ಲಿ ಅದು ಬೆಸುಗೆಯನ್ನು ತಡೆಯಿತೆಂದು 1986ರಲ್ಲಿ ಅಮೆರಿಕದ ಮೈಕೆಲ್ ಬ್ರೌನ್‌ಲೀ, ಆಂಥೊನಿ ಸೆರಾಮಿ ಮತ್ತವರ ಸಂಗಡಿಗರು ಪ್ರಕಟಿಸಿದಾಗ ದೊಡ್ಡ ಆಸೆ ಹುಟ್ಟಿತು. ಮನುಷ್ಯರ ಮೇಲೆ ದೊಡ್ಡ ಪ್ರಯೋಗಗಳು ನಡೆದವು. ಕಿಡ್ನಿ ಹಾಳಾಗುವುದನ್ನು ಅದು ಖಚಿತವಾಗಿ ತಡೆಯಿತೆಂದು ತೋರಿಸಲಾಗಲಿಲ್ಲ. ಹೆಚ್ಚಿನ ಪ್ರಮಾಣ ಪಡೆದ ಕೆಲವರಲ್ಲಿ ಕಿಡ್ನಿಯದೇ ಉರಿಯೂತ ಕಂಡಿತು. ಮದ್ದು ಪೇಟೆಗೆ ಬರಲೇ ಇಲ್ಲ. ಇಂದಿಗೂ ಎಲೆಗಳ ಪ್ರಯೋಗದಲ್ಲಿ ಹೋಲಿಕೆಗೆಂದು ಇಡುವುದು ಈ ಅಮೈನೋಗ್ವಾನಿಡಿನ್ನನ್ನೇ. ‘ನಮ್ಮ ಎಲೆ ಅಮೈನೋಗ್ವಾನಿಡಿನ್‌ನಷ್ಟೇ ಚೆನ್ನಾಗಿ ತಡೆಯಿತು’ ಎಂದು ಹಿಗ್ಗುವವರು, ಓಟದಲ್ಲಿ ಜೊತೆಗೆ ಓಡಿದ ಕುದುರೆ ಮುಂದಿನ ಊರಿನಲ್ಲಿ ಮುಗ್ಗರಿಸಿತೆಂಬುದನ್ನು ಮರೆಯುತ್ತಾರೆ. ಅದರ ದಾಯಾದಿ ಒಂದು ನಿಮ್ಮ ಮಾತ್ರೆಯ ಡಬ್ಬಿಯಲ್ಲೇ ಇದೆ. ಮೆಟ್‌ಫಾರ್ಮಿನ್ ಕೂಡ ಗ್ವಾನಿಡಿನ್ ವಂಶದ್ದು. ಅದರ ಮೂಲ ಯುರೋಪಿನ ಗಲೇಗಾ ಎಂಬ ಗಿಡದ ರಾಸಾಯನಿಕ. ಗಿಡಮೂಲದ ಮದ್ದು ಬೇಕು ಎನ್ನುವವರು ಅದನ್ನು ಆಗಲೇ ನುಂಗುತ್ತಿದ್ದಾರೆ.

ಹಾಗಾದರೆ ಎಲೆ ಬರೀ ಎಲೆಯೇ? ಅಲ್ಲ. ಅದರ ಶಕ್ತಿ ಕಾಣಬೇಕಾದ ಜಾಗ ರಕ್ತಕ್ಕಿಂತ ಮೊದಲು ಬರುತ್ತದೆ, ಕರುಳಿನಲ್ಲಿ. ನುಂಗಿದ ಸಾರ ಇನ್ನೂ ತೆಳುವಾಗದೆ, ರೂಪಾಂತರವಾಗದೆ ಇರುವುದು ಅಲ್ಲಿಯೇ. ಅನ್ನ, ಮುದ್ದೆ, ರೊಟ್ಟಿಗಳ ಪಿಷ್ಟವನ್ನು ಕೊನೆಗೆ ಗ್ಲೂಕೋಸಾಗಿ ಕತ್ತರಿಸುವ ಕಿಣ್ವಗಳು ಸಣ್ಣ ಕರುಳಿನ ಗೋಡೆಯಲ್ಲಿವೆ. ಆ ಕತ್ತರಿಗೆ ಅಡ್ಡ ಬಂದರೆ ಗ್ಲೂಕೋಸ್ ಒಮ್ಮೆಲೇ ಏರುವ ಬದಲು ಮೆಲ್ಲಗೆ ಏರುತ್ತದೆ. ಜಪಾನಿನಲ್ಲಿ ಸೀಬೆ ಎಲೆಯ ಚಹಾವನ್ನು ಊಟದ ಜೊತೆ ಕುಡಿಯುವ ಪಾನೀಯವಾಗಿ, ಸರ್ಕಾರದ ಮಾನ್ಯತೆಯೊಂದಿಗೆ ಮಾರುವುದು ಈ ಕಾರಣಕ್ಕೆ.

ಇನ್ನೂ ಸೊಗಸಾದ ಉದಾಹರಣೆ ನಿಮ್ಮ ನೆರೆಯ ತಾಲ್ಲೂಕನ್ನು ನೆನಪಿಸುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನಾಡಿಗೆಲ್ಲ ಗೊತ್ತು. ಸೀರೆಯ ಹಿಂದೆ ಹುಳು, ಹುಳುವಿನ ಹಿಂದೆ ಹಿಪ್ಪುನೇರಳೆ ಸೊಪ್ಪು. ಆ ಗಿಡದಲ್ಲಿ ಡಿಆಕ್ಸಿನೊಜಿರಿಮೈಸಿನ್ ಎಂಬ ವಸ್ತುವಿದೆ. ನೋಡಲು ಥೇಟ್ ಗ್ಲೂಕೋಸ್. ಉಂಗುರದಲ್ಲಿ ಆಮ್ಲಜನಕ ಇರಬೇಕಾದ ಕಡೆ ಸಾರಜನಕ ಕುಳಿತಿದೆ, ಅದೇ ಮುಖ್ಯ ವೇಷ. ಕಿಣ್ವ ಇದನ್ನು ಸಕ್ಕರೆಯೆಂದು ನಂಬಿ ಹಿಡಿದು, ಬಿಡಲಾರದೆ ಕೂರುತ್ತದೆ. ಹಿಪ್ಪುನೇರಳೆಯ ಹಾಲಿನಲ್ಲಿ ಈ ಜಾತಿಯ ವಸ್ತುಗಳು ಎಷ್ಟಿವೆಯೆಂದರೆ ಬೇರೆ ಕಂಬಳಿಹುಳುಗಳು ಸೊಪ್ಪು ತಿಂದು ಸಾಯುತ್ತವೆ. ರೇಷ್ಮೆಹುಳುವಿನ ಕಿಣ್ವಗಳಿಗೆ ಮಾತ್ರ ಈ ಮೋಸ ನಾಟುವುದಿಲ್ಲ. ಈ ಅಣುವನ್ನೇ ತುಸು ತಿದ್ದಿ ಮಾಡಿದ ಮಿಗ್ಲಿಟಾಲ್ ಎಂಬ ಮಾತ್ರೆಯನ್ನು ವೈದ್ಯರು ಮಧುಮೇಹಕ್ಕೆ ಬರೆಯುತ್ತಾರೆ. ಎಲೆಯೊಂದು ಪ್ರನಾಳದಿಂದ ಮಾತ್ರೆಯವರೆಗೆ ನಡೆದು ಬರುವುದೆಂದರೆ ಹೀಗೆ: ಯಾವ ಅಣು, ಎಷ್ಟು ಪ್ರಮಾಣ, ಮೈಯ ಯಾವ ಜಾಗದಲ್ಲಿ, ಊಟದ ಯಾವ ಹೊತ್ತಿಗೆ ಎಂದು ಒಂದೊಂದೂ ಗೊತ್ತಾಗಬೇಕು. (ಅಡ್ಡಪರಿಣಾಮವೂ ಗೊತ್ತಾಗಿದೆ. ಕರಗದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಹೊಟ್ಟೆಯುಬ್ಬರ, ವಾಯು. ಮದುವೆ ಮನೆಗೆ ಹೋಗುವ ದಿನ ಮುಜುಗರ.) ಇದು ಅಂಟಿದ್ದನ್ನು ತೊಳೆಯುವುದಿಲ್ಲ. ಅಂಟಲು ಬರುವ ಸಕ್ಕರೆಯನ್ನೇ ತಗ್ಗಿಸುತ್ತದೆ.

ಆ ಮಾತಿನಿಂದ ಸಂತೆಯ ಪುಡಿಗೆ ಬರುತ್ತೇನೆ. ಬೆಸುಗೆ ಬಿದ್ದ ಎಜಿಇಯನ್ನು ಬಿಡಿಸುವ ಮದ್ದು ಯಾವ ವೈದ್ಯಪದ್ಧತಿಯ ಕೈಯಲ್ಲೂ ಇನ್ನೂ ಇಲ್ಲ. ಅಲಾಜೆಬ್ರಿಯಂ ಎಂಬ ಒಂದನ್ನು ಅದಕ್ಕೆಂದೇ ಮನುಷ್ಯರಲ್ಲಿ ಪ್ರಯೋಗಿಸಿದರು; ಅದೂ ಔಷಧವಾಗಿ ದಡ ಸೇರಲಿಲ್ಲ. ಪುಡಿ ಮಾರುವವರು ತೋರಿಸುವ ಸಾಕ್ಷಿ ಏನೆಂದು ನಾನು ಊಹಿಸಬಲ್ಲೆ: ‘ಮೂರು ತಿಂಗಳು ತಿಂದವರ ಎಚ್‌ಬಿಎ1ಸಿ ಇಳಿದಿದೆ.’ ಇಳಿದಿರಬಹುದು. ಪುಡಿ ಶುರು ಮಾಡಿದವರು ಅದೇ ದಿನ ಸಿಹಿ ಬಿಡುತ್ತಾರೆ, ಸಂಜೆ ನಡೆಯುತ್ತಾರೆ, ಪಥ್ಯವನ್ನೂ ಮಾಡುತ್ತಾರೆ. ಮೂರು ತಿಂಗಳಲ್ಲಿ ಹಳೆಯ ರಕ್ತಕಣಗಳು ಸತ್ತು, ಕಡಿಮೆ ಸಕ್ಕರೆಯಲ್ಲಿ ಹುಟ್ಟಿ ಬೆಳೆದ ಹೊಸವು ಬರುತ್ತವೆ. ತೊಳೆದದ್ದು ಯಾವುದೂ ಇಲ್ಲ. ಹಳೆಯ ಪಾತ್ರೆ ಹೋಗಿ ಹೊಸ ಪಾತ್ರೆ ಬಂದಿದೆ.

ಪುಡಿಯ ಬಗ್ಗೆ ನನ್ನ ದೊಡ್ಡ ಭಯ ಬೇರೆಯದು. ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿ, ಗುಳಿಗೆಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಮೊದಲಾದ ಮಾತ್ರೆಗಳನ್ನು ಅರೆದು ಸೇರಿಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ನೀವು ಗ್ಲಿಮೆಪಿರೈಡ್ ಆಗಲೇ ತೆಗೆದುಕೊಳ್ಳುತ್ತಿದ್ದೀರಿ; ಅದರ ಮೇಲೆ ಗುಟ್ಟಾಗಿ ಅದೇ ಜಾತಿಯ ಇನ್ನೊಂದು ಬಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಮಂಕು ಕವಿದು ಬಿದ್ದರೆ ಒಂಟಿಯಾಗಿರುವವರ ಗತಿ ಏನು? ಕಲಬೆರಕೆ ಇಲ್ಲದ ಶುದ್ಧ ಮಧುನಾಶಿನಿ ಎಲೆಯೂ ಈ ಮಾತ್ರೆಯ ಜೊತೆ ಸೇರಿ ಸಕ್ಕರೆಯನ್ನು ಬೇಕಾದ್ದಕ್ಕಿಂತ ಕೆಳಗೆ ತಳ್ಳಬಲ್ಲದು. ಇನ್ನು ‘ಹಸಿರು ಎಂದರೆ ನಿರಪಾಯ’ ಎಂಬ ನಂಬಿಕೆ. ಬಿಂಬುಳಿ ಕಾಯಿಯ ಗಟ್ಟಿ ರಸವನ್ನು ಮದ್ದೆಂದು ಕುಡಿದು, ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟಿ ಆಸ್ಪತ್ರೆ ಸೇರಿದವರ ವರದಿ 2013ರಲ್ಲಿ ಕೇರಳದಿಂದ ಬಂತು. ಅಡುಗೆಯಲ್ಲಿ ಎರಡು ಕಾಯಿ ಹಾಕುವ ಮಾತು ಬೇರೆ. ಹನ್ನೊಂದು ವರ್ಷದ ಮಧುಮೇಹ ಇರುವವರ ಕಿಡ್ನಿಯ ಮೇಲೆ ಇಂಥ ಪ್ರಯೋಗ ಬೇಡ.

ಸೊಪ್ಪನ್ನು ಮಾತ್ರ ಬಿಡಬೇಡಿ. ನುಗ್ಗೆ ಸೊಪ್ಪಿನ ಪಲ್ಯ, ಮೆಂತ್ಯ ಸೊಪ್ಪಿನ ಸಾರು, ಒಗ್ಗರಣೆಯ ಕರಿಬೇವನ್ನು ತಟ್ಟೆಯ ಅಂಚಿಗೆ ತಳ್ಳದೆ ಅಗಿದು ತಿನ್ನುವುದು, ಇವೆಲ್ಲ ನಡೆಯಲಿ. ಪಾಲಿಫಿನಾಲ್ ಪಾಲು ಚಿಕ್ಕದಿರಬಹುದು, ನಾರು ಮುದ್ದೆಯ ಸಕ್ಕರೆಯನ್ನು ರಕ್ತಕ್ಕೆ ತಡವಾಗಿ ಬಿಡುವುದಂತೂ ಖಚಿತ. ಊಟಕ್ಕೆ ಕೂತಾಗ ಪಲ್ಯ ಮೊದಲು, ಮುದ್ದೆ ಆಮೇಲೆ. ಬಿಸಿನೀರಿನಲ್ಲಿ ನಾಲ್ಕು ಸೀಬೆ ಎಲೆ ಹಾಕಿ ತಿಳಿಯಾಗಿ ಸೋಸಿ ಊಟದ ಜೊತೆ ಕುಡಿಯುವ ಆಸೆ ಇದ್ದರೆ, ಕಿಡ್ನಿ ವರದಿ ಸರಿ ಇದ್ದು ನಿಮ್ಮ ವೈದ್ಯರು ಹೂಂ ಎಂದರೆ, ನನ್ನ ತಕರಾರಿಲ್ಲ. ಮಾತ್ರೆಯ ಬದಲಿಗೆ ಎಂದರೆ ತಕರಾರು. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ಇಂದೇ ಬಿಡಿ: ತಂಬಾಕಿನ ಹೊಗೆಯಲ್ಲೇ ಪ್ರೋಟೀನಿಗೆ ಬೆಸೆಯುವ ಅಣುಗಳಿವೆ, ಅವು ಶ್ವಾಸಕೋಶದಿಂದ ನೇರ ರಕ್ತಕ್ಕೆ ಇಳಿಯುತ್ತವೆ. ಯಾವ ಎಲೆಯ ಕಷಾಯಕ್ಕಿಂತಲೂ ಆ ಎಲೆಯನ್ನು ಬಿಡುವುದು ದೊಡ್ಡ ಮದ್ದು.

ಎಚ್‌ಬಿಎ1ಸಿ ಒಂದು ಅಂಕ ಇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರ ಲೆಕ್ಕವಿದೆ, 2000ದಲ್ಲಿ ಬಂದದ್ದು: ಪ್ರತಿ ಒಂದು ಶೇಕಡಾ ಇಳಿಕೆಗೆ ಕಣ್ಣು, ಕಿಡ್ನಿಗಳ ಸಣ್ಣ ರಕ್ತನಾಳದ ತೊಂದರೆಗಳು ಶೇಕಡಾ 37ರಷ್ಟು ಕಡಿಮೆ ಕಂಡವು. ಯಾವ ಎಲೆಯ ಸಾರವೂ ಮನುಷ್ಯರಲ್ಲಿ ಇದರ ಹತ್ತಿರ ಬಂದಿಲ್ಲ. 8.2ಕ್ಕೆ ಮಾತ್ರೆ ಕಡಿಮೆ ಮಾಡುವ ಮಾತೇ ಇಲ್ಲ. ಹೆಚ್ಚಿಸಬೇಕೇ, ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ. ಈ ವರ್ಷ ಕಣ್ಣಿನ ರೆಟಿನಾ ಪರೀಕ್ಷೆ ಆಗಿದೆಯೇ? ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದ್ದೀರಾ? ಪ್ರಶ್ನೆಯಲ್ಲಿ ಇವೆರಡರ ಸುಳಿವಿಲ್ಲ.

ಇನ್ನು ಹುಡುಗಿಗೆ. ಅವಳಿಗೆ ಈ ಉತ್ತರವನ್ನು ಓದಿ ಹೇಳುವಾಗ, ನಾನು ನಿರುತ್ಸಾಹಗೊಳಿಸಿದೆ ಎಂದುಕೊಳ್ಳದಿರಲಿ. ಅವಳಿಂದ ಎರಡು ಪ್ರನಾಳ ಹೆಚ್ಚಿಗೆ ಇಡಿಸಿ. ಒಂದರಲ್ಲಿ ಆಗಲೇ ಸಕ್ಕರೆ ಅಂಟಿ ಹೊಳೆಯುತ್ತಿರುವ ಪ್ರೋಟೀನು; ಅದಕ್ಕೆ ಸಾರ ಬೆರೆಸಿದ ಕ್ಷಣವೇ ಹೊಳಪು ಓದಲಿ. ನನಗಾದ ನೇರಳೆಯ ಗತಿ ಅವಳಿಗಾಗಬಾರದು. ಇನ್ನೊಂದು ನಿಮ್ಮ ಪೊಟ್ಟಣಕ್ಕಾಗಿ. ಆಲ್ಬುಮಿನ್ ಮತ್ತು ಸಕ್ಕರೆಯನ್ನು ಮೂರು ವಾರ ಬಿಡಲಿ, ಚೆನ್ನಾಗಿ ಕಂದಲಿ, ಹೊಳಪು ಬರಲಿ. ಅದನ್ನು ಸೋಸುಪೊರೆಯ ಚೀಲದಲ್ಲಿಟ್ಟು ಉಳಿದ ಸಕ್ಕರೆಯನ್ನು ತೆಗೆದುಹಾಕಿದ ನಂತರ ಪುಡಿಯ ಸಾರ ಹಾಕಿ ಮತ್ತೆರಡು ವಾರ 37 ಡಿಗ್ರಿಯಲ್ಲಿಡಲಿ. ಆಮೇಲೆ ಸಾರವನ್ನೂ ಹಾಗೆಯೇ ಸೋಸಿ ತೆಗೆದು, ಬಣ್ಣದ ಪರದೆ ಸರಿಸಿ ಹೊಳಪನ್ನು ಓದಲಿ. ಸಾರ ಹಾಕದ ಜೋಡಿ ಪ್ರನಾಳ ಪಕ್ಕದಲ್ಲೇ ಇರಲಿ.

ತೊಳೆದದ್ದು ನಿಜವಾದರೆ, ಅಂದರೆ ಪುಡಿ ಹಾಕಿದ್ದರಲ್ಲಿ ಹೊಳಪು ಇಳಿದು ಜೋಡಿಯಲ್ಲಿ ಹಾಗೇ ಉಳಿದಿದ್ದರೆ, ನನಗೆ ಒಂದು ಕಾರ್ಡು ಹಾಕಿ. ಚಳ್ಳಕೆರೆಯ ಮೊದಲ ಬಸ್ ಹತ್ತಿ ಬರುತ್ತೇನೆ. ಸಂತೆಯವರ ಹತ್ತಿರ ನನಗೂ ಎರಡು ಪೊಟ್ಟಣ ಬೇಕಾಗುತ್ತದೆ.